ಕ್ಷಿಪ್ರಕಂದುಕ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥದ ಆರಂಭದಲ್ಲೇ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನೂ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಅದನ್ನು ಮೀರುವ ಧೈರ್ಯ ನಮಗಿಲ್ಲ. ವಿಷಯ: ಅಮೆರಿಕದ ಊರೂರುಗಳಲ್ಲಿ ಹೆಣ್ಣುಮಕ್ಕಳು ಆಡುವ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್‌ನಲ್ಲಿ ವೇಗದ ಚೆಂಡಿಗೆ ಬ್ಯಾಟು ತಾಗಿಸುವ ಬಗೆ. ಅಧಿಕಾರಿ: ಒಂಬತ್ತರಿಂದ ಹದಿನಾಲ್ಕರೊಳಗಿನ ಮಗಳನ್ನು ಶನಿವಾರ ಬೆಳಗ್ಗೆ ಮೈದಾನಕ್ಕೆ ಬಿಟ್ಟು, ಅಲ್ಲೇ ಉಳಿದು, ಸಲಹೆ ಕೊಡುವವರು. ಸಂಬಂಧ: ತಂದೆ–ಮಗಳದು, ಆಟ ಮುಗಿದು ಮನೆಗೆ ಮರಳುವಾಗ ಕಾರಿನಲ್ಲಿ ಇದು ಕೊಂಚ ಹದಗೆಡುತ್ತದೆ. ಪ್ರಯೋಜನ: ಫೌಲ್, ಅಂದರೆ ಬ್ಯಾಟಿಗೆ ತಾಗಿ ಗೆರೆಯ ಹೊರಗೆ ಹೋದ ಚೆಂಡು. ಹಿಟ್ ಎನ್ನಲಿಲ್ಲ, ಫೌಲ್ ಎಂದೇ ಹೇಳಿದೆವು. ಕಾರಣ ಪರೀಕ್ಷಾ ಪ್ರಕರಣದಲ್ಲಿದೆ.

ಉತ್ಪತ್ತಿ ಪ್ರಕರಣ

೧೮೮೭ರ ನವೆಂಬರಿನಲ್ಲಿ ಶಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬಿನೊಳಗೆ ಕೆಲವು ಗಂಡಸರು ಹಾರ್ವರ್ಡ್–ಯೇಲ್ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾದು ಕೂತಿದ್ದರು. ಒಬ್ಬ ಬಾಕ್ಸಿಂಗ್ ಗ್ಲೌಸ್ ಎಸೆದ, ಇನ್ನೊಬ್ಬ ಅದನ್ನು ಕೋಲಿನಿಂದ ಹೊಡೆದ, ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಅದನ್ನೇ ಆಟವಾಗಿ ಕಟ್ಟಿದ. ಹೊತ್ತು ಕಳೆಯಲೆಂದು ಹುಟ್ಟಿದ್ದು ೧೯೯೬ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ವರೆಗೂ ಹೋಯಿತು. ಆದರೆ ಇವತ್ತು ಪ್ಲೇಟಿನ ಬಳಿ ನಿಂತ ಹುಡುಗಿಯ ಕಷ್ಟವೇ ಬೇರೆ: ಆಕೆಗೆ ಕಳೆಯಲು ಹೊತ್ತೇ ಇಲ್ಲ.

ಪ್ರಮಾಣ ಪ್ರಕರಣ

ಪಿಚರ್ ಆದವಳು ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಚೆಂಡು ಬಿಡುತ್ತಾಳೆ. ಹತ್ತು ವರ್ಷದೊಳಗಿನವರಿಗೆ ಪ್ಲೇಟಿನಿಂದ ೩೫ ಅಡಿ ದೂರ, ಹನ್ನೆರಡರೊಳಗಿನವರಿಗೆ ೪೦, ಅದರ ಮೇಲಿನವರಿಗೆ ೪೩. ಚೆಂಡಿನ ಸುತ್ತಳತೆ ಹತ್ತರೊಳಗಿನವರಿಗೆ ೧೧ ಅಂಗುಲ, ಆಮೇಲೆ ೧೨.

ಪಳಗಿದ ಪಿಚರ್ ಗಂಟೆಗೆ ೬೦ ಮೈಲಿ, ಅಂದರೆ ಸುಮಾರು ೯೭ ಕಿಲೋಮೀಟರ್ ವೇಗದಲ್ಲಿ ಎಸೆದಳೆನ್ನಿ. ಸೆಕೆಂಡಿಗೆ ೮೮ ಅಡಿ ಆಯಿತು. ಬಿಡುವ ಹೊತ್ತಿಗೆ ಆಕೆಯೇ ಐದಾರು ಅಡಿ ಮುಂದೆ ಬಂದಿರುವುದರಿಂದ ೪೩ರಲ್ಲಿ ಉಳಿದದ್ದು ಸುಮಾರು ೩೮ ಅಡಿ. ಭಾಗಿಸಿದರೆ ೦.೪೩ ಸೆಕೆಂಡ್. ಇದರಲ್ಲಿ ಬ್ಯಾಟು ಬೀಸುವುದಕ್ಕೇ ೦.೧೫ರಿಂದ ೦.೨ ಸೆಕೆಂಡ್ ಹೋಗುತ್ತದೆ. ಮಿಕ್ಕದ್ದು ಕಾಲು ಸೆಕೆಂಡ್. ದೀಪ ಹತ್ತಿದ್ದನ್ನು ಕಂಡು ಗುಂಡಿ ಒತ್ತುವುದಕ್ಕೇ ಮನುಷ್ಯನಿಗೆ ಸುಮಾರು ೦.೨ ಸೆಕೆಂಡ್ ಬೇಕು. ‘ನೋಡು, ಯೋಚಿಸು, ಹೊಡಿ’ ಎಂಬ ಮೂರು ಕ್ರಿಯಾಪದಗಳು ಕಾಲು ಸೆಕೆಂಡಿನಲ್ಲಿ ಹಿಡಿಸುವುದಿಲ್ಲ.

ಆದ್ದರಿಂದ ನಮ್ಮ ಮೂಲಸೂತ್ರ: ನಿರ್ಗಮನಪೂರ್ವಕೋ ನಿರ್ಣಯಃ. ಹೊರಡುವುದು ಮೊದಲು, ತೀರ್ಮಾನ ಆಮೇಲೆ. ಪ್ರತಿ ಚೆಂಡಿಗೂ ಹೊಡೆದೇ ಹೊಡೆಯುತ್ತೇನೆಂದು ಮೈ ಹೊರಡಬೇಕು; ಚೆಂಡು ಕೆಟ್ಟದ್ದೆಂದು ಕಣ್ಣು ಹೇಳಿದರೆ ಕೈ ನಿಲ್ಲಬೇಕು. ಹೊರಟದ್ದನ್ನು ತಡೆಯಬಹುದು, ಹೊರಡದೆ ಉಳಿದದ್ದನ್ನು ತಲುಪಿಸಲಾಗದು. ಇದು ಲೋಕನೀತಿಗೆ ವಿರುದ್ಧವೆಂದು ನಮಗೂ ಗೊತ್ತು. ಮಕ್ಕಳ ಮದುವೆಯ ವಿಷಯದಲ್ಲಿ ಈ ಸೂತ್ರವನ್ನು ಯಾರೂ ಬಳಸತಕ್ಕದ್ದಲ್ಲ.

ಭೇದ ಪ್ರಕರಣ

ಅಲಂಕಾರಶಾಸ್ತ್ರದವರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದರು. ಬ್ಯಾಟರುಗಳಿಗೆ ಐದು ಸಾಕು.

ಒಂದು, ಸ್ತಂಭಿನಿ. ಲಕ್ಷಣ: ಮೂರು ಸ್ಟ್ರೈಕುಗಳನ್ನೂ ಅಂಪೈರಿಗಿಂತ ಚೆನ್ನಾಗಿ ನೋಡುತ್ತಾಳೆ, ಬ್ಯಾಟು ಹೆಗಲಿನಿಂದ ಇಳಿಯುವುದಿಲ್ಲ. ನಿದಾನ: ಒಳ್ಳೆಯ ಹುಡುಗಿ, ತಪ್ಪು ಮಾಡಬಾರದೆಂದು ಮನೆಯಲ್ಲಿ ಹೇಳಿಕೊಟ್ಟಿದ್ದಾರೆ. ಚಿಕಿತ್ಸೆ: ಬಂಟ್. ಬೀಸಬೇಡ, ಬ್ಯಾಟನ್ನು ಅಡ್ಡ ಹಿಡಿದು ಚೆಂಡಿಗೆ ಒಡ್ಡು ಅಷ್ಟೆ. ಅಷ್ಟು ವೇಗದ ಚೆಂಡೂ ತನ್ನ ಬ್ಯಾಟಿಗೆ ಸಿಗುತ್ತದೆಂಬುದು ಅಂಗೈಗೆ ತಿಳಿದ ಮೇಲೆ ಅರ್ಧ ಬೀಸು, ಆಮೇಲೆ ಪೂರ್ತಿ. ಪಿಚರ್ ತೋಳು ಎತ್ತಿದೊಡನೆ ಮನಸ್ಸಿನಲ್ಲೇ ‘ಹೂಂ, ಹೂಂ’ ಎಂದುಕೊಳ್ಳುತ್ತಾ, ಕೆಟ್ಟ ಚೆಂಡು ಕಂಡರೆ ಮಾತ್ರ ‘ಊಹೂಂ’ ಎನ್ನುವ ಅಭ್ಯಾಸವನ್ನೂ ಮಾಡಿಸಬೇಕು.

ಎರಡು, ನಿಮೀಲಿತಾಕ್ಷಿ. ಲಕ್ಷಣ: ಬೀಸು ಸೊಗಸಾಗಿದೆ, ಕಣ್ಣು ಮುಚ್ಚಿದೆ. ನಿದಾನ: ಭಯ. ಹಿಂದೆ ಯಾವಾಗಲೋ ಮೊಣಕೈಗೆ ಒಂದು ಬಿದ್ದಿದೆ. ‘ಹೆದರಬೇಡ’ ಎಂಬ ಮಾತು ಇದಕ್ಕೆ ಔಷಧವಲ್ಲ. ೧೨ ಅಂಗುಲದ ಚೆಂಡಿಗೆ ಹೆದರುವುದು ಬುದ್ಧಿಯ ಗುರುತು. ಚಿಕಿತ್ಸೆ: ಮುಖಕ್ಕೆ ಜಾಲರಿಯಿರುವ ಹೆಲ್ಮೆಟ್ ಮೊದಲು. ಆಮೇಲೆ ಸ್ಪಂಜಿನ ಚೆಂಡನ್ನು ಬೇಕೆಂದೇ ಮೈಮೇಲೆ ಎಸೆದು, ಮುಂದಿನ ಭುಜವನ್ನು ಒಳಕ್ಕೆ ತಿರುಗಿಸಿ, ಗಲ್ಲ ತಗ್ಗಿಸಿ, ಬೆನ್ನಿಗೆ ಏಟು ತೆಗೆದುಕೊಳ್ಳುವುದನ್ನು ಕಲಿಸಬೇಕು. ತಪ್ಪಿಸಿಕೊಳ್ಳುವ ದಾರಿ ಗೊತ್ತಿದ್ದವಳು ಕಣ್ಣು ತೆರೆಯುತ್ತಾಳೆ. ಮೂರನೆಯದು: ಪಿಚರುಗಳು ಅಭ್ಯಾಸ ಮಾಡುವಾಗ ಪ್ಲೇಟಿನ ಬಳಿ ಸುಮ್ಮನೆ ನಿಲ್ಲಿಸಿ, ಬ್ಯಾಟು ಬೀಸದೆ ‘ಬಾಲ್’, ‘ಸ್ಟ್ರೈಕ್’ ಎಂದು ಗಟ್ಟಿಯಾಗಿ ಹೇಳಿಸುವುದು. ಚೆಂಡಿನ ಮೇಲೆ ಬಣ್ಣದ ಚುಕ್ಕೆ ಹಾಕಿ ಯಾವ ಬಣ್ಣವೆಂದು ಕೇಳಿದರೆ ಇನ್ನೂ ಒಳ್ಳೆಯದು.

ಮೂರು, ಪಾದಪಲಾಯಿನಿ. ಲಕ್ಷಣ: ಮೈ ಪ್ಲೇಟಿನಲ್ಲಿದೆ, ಮುಂದಿನ ಕಾಲು ಡಗ್‌ಔಟ್ ಕಡೆ ಹೊರಟಿದೆ. ನಿದಾನ: ಎರಡನೆಯ ಭೇದದ ಭಯವೇ ಕಣ್ಣಿನಿಂದ ಕಾಲಿಗೆ ಇಳಿದಿದೆ. ಪರಿಣಾಮ: ಪ್ಲೇಟಿನ ಆಚೆ ಅಂಚಿನ ಚೆಂಡು ಬ್ಯಾಟಿಗೆ ಎಟಕುವುದೇ ಇಲ್ಲ, ಎದುರಾಳಿ ಪಿಚರಿಗೆ ಇದು ಎರಡನೇ ಚೆಂಡಿಗೇ ಗೊತ್ತಾಗುತ್ತದೆ. ಚಿಕಿತ್ಸೆ: ಹಿಮ್ಮಡಿಗಳ ಹಿಂದೆ ನೆಲದ ಮೇಲೆ ಒಂದು ಹಲಗೆ. ಕಾಲು ಓಡಿದರೆ ಎಡವುತ್ತದೆ, ಉಪದೇಶ ಬೇಕಿಲ್ಲ.

ನಾಲ್ಕು, ವಿಲಂಬಿತೆ. ಸಂಖ್ಯೆಯಲ್ಲಿ ಇವರೇ ಹೆಚ್ಚು. ನಿಲ್ದಾಣಕ್ಕೆ ಬಸ್ಸು ಬಂದ ಸದ್ದು ಕೇಳಿ ಮನೆಯಲ್ಲಿ ಚಪ್ಪಲಿ ಹುಡುಕುವವರಂತೆ, ಚೆಂಡು ಕ್ಯಾಚರ್ ಕೈ ಸೇರುವಾಗ ಇವಳ ಬ್ಯಾಟು ಹೊರಡುತ್ತದೆ. ಇದರಲ್ಲಿ ಎರಡು ಉಪಭೇದ. ಕಾಲದೋಷದವಳು ತಡವಾಗಿ ಹೊರಡುತ್ತಾಳೆ. ಆಕೆಗೆ ಚೆಂಡನ್ನಲ್ಲ, ತೋಳನ್ನು ನೋಡಲು ಹೇಳಬೇಕು: ಪಿಚರಿನ ಕೈ ಸುತ್ತಿನ ತುದಿಗೆ ಏರಿದಾಗ ಮುಂದಿನ ಕಾಲು ಎತ್ತಬೇಕು, ಚೆಂಡು ಸೊಂಟ ಬಿಡುವಾಗ ಕಾಲು ನೆಲದಲ್ಲಿರಬೇಕು. ಮಾರ್ಗದೋಷದವಳು ಸಕಾಲಕ್ಕೆ ಹೊರಟು ಸುತ್ತುದಾರಿ ಹಿಡಿಯುತ್ತಾಳೆ. ಬ್ಯಾಟು ಊರೆಲ್ಲ ಅಲೆದು ಬರುತ್ತದೆ. ಆಕೆಯನ್ನು ಬೇಲಿಯ ಎದುರು ನಿಲ್ಲಿಸಿ, ಬ್ಯಾಟಿನ ಬುಡ ಹೊಟ್ಟೆಗೆ, ತುದಿ ಬೇಲಿಗೆ ತಾಗುವಷ್ಟೇ ದೂರವಿರಿಸಿ, ಬೇಲಿಗೆ ತಗಲದಂತೆ ಬೀಸಲು ಹೇಳಿ. ಬ್ಯಾಟು ಭಾರವಿದ್ದರೆ ಹಗುರವಾದದ್ದು ಕೊಡಿಸಿ. ದುಡ್ಡಿಲ್ಲದಿದ್ದರೆ ಹಿಡಿಯನ್ನು ಎರಡು ಬೆರಳು ಮೇಲಕ್ಕೆ ಹಿಡಿಯಲಿ, ಅದು ಪುಕ್ಕಟೆ. ಬ್ಯಾಟರ್ ನಿಲ್ಲುವ ಬಾಕ್ಸಿನಲ್ಲಿ ಎರಡಡಿ ಹಿಂದಕ್ಕೆ ಸರಿದು ನಿಂತರೆ ೦.೦೨ ಸೆಕೆಂಡ್ ಲಾಭ. ನಗಬೇಡಿ. ಕಾಲು ಸೆಕೆಂಡಿನ ಬಡವಿಗೆ ಅದೂ ಗಂಟೇ.

ಐದು, ತ್ವರಿತೆ. ಚೆಂಡಿಗಿಂತ ಮುಂಚೆ ಬೀಸಿ ಮುಗಿಸಿರುತ್ತಾಳೆ. ಅದೇ ತೋಳು, ಅದೇ ಸುತ್ತು, ಆದರೆ ಚೆಂಡು ನಿಧಾನ: ಚೇಂಜ್‌ಅಪ್ ಎಂಬ ಮೋಸಕ್ಕೆ ಬಿದ್ದವಳು. ಇದು ರೋಗವಲ್ಲ, ನಾಲ್ಕನೆಯ ರೋಗ ವಾಸಿಯಾದ ಕುರುಹು. ಬೈಯಕೂಡದು.

ಪೂರ್ವಪಕ್ಷ ಪ್ರಕರಣ

ಇನ್ನು ವಾದಿಗಳು. ಮೊದಲನೆಯವರು ಕ್ರಿಕೆಟ್‌ವಾದಿಗಳು. ದಾವಣಗೆರೆಯಲ್ಲೋ ಮೈಸೂರಿನಲ್ಲೋ ಟೆನಿಸ್ ಬಾಲ್ ಆಡಿ ಬೆಳೆದು, ಫ್ರೀಮಾಂಟಿನಲ್ಲೋ ಎಡಿಸನ್ನಿನಲ್ಲೋ ನೆಲೆಸಿದವರು. ‘ನೇರ ಬ್ಯಾಟು, ಪುಟ್ಟಿ, ನೇರ ಬ್ಯಾಟು!’ ಎಂಬುದು ಇವರ ಮಹಾವಾಕ್ಯ. ‘ಅಪ್ಪಾ, ಸುಮ್ನಿರು’ ಎಂಬುದು ಉತ್ತರವಾಕ್ಯ. ಖಂಡನೆ: ಇಲ್ಲಿ ಚೆಂಡು ನೆಲಕ್ಕೆ ಬಿದ್ದು ಬರುವುದಿಲ್ಲ, ತಡೆದು ನಿಲ್ಲಿಸಿದರೆ ವಿಕೆಟ್ ಉಳಿಯಿತೆಂಬ ಸಮಾಧಾನವೂ ಇಲ್ಲ. ನೇರ ಬ್ಯಾಟಿನ ವಿದ್ಯೆ ಘನವಾದದ್ದೇ, ಆದರೆ ಅದರ ವೀಸಾ ಈ ಮೈದಾನಕ್ಕೆ ನಡೆಯದು.

ಎರಡನೆಯವರು ಯಂತ್ರವಾದಿಗಳು. ವೇಗವೇ ತೊಂದರೆಯಾದರೆ ಪಿಚಿಂಗ್ ಮಷೀನನ್ನು ಅದೇ ವೇಗಕ್ಕೆ ತಿರುಗಿಸಿ ನೂರು ಚೆಂಡು ಎಸೆಸಿದರೆ ಮುಗಿಯಿತಲ್ಲ ಎನ್ನುತ್ತಾರೆ. ಖಂಡನೆ: ಮಷೀನಿಗೆ ತೋಳಿಲ್ಲ. ೨೦೦೪ರಲ್ಲಿ ನಡೆದ ಒಂದು ಪ್ರದರ್ಶನ ಪಂದ್ಯದಲ್ಲಿ ಜೆನ್ನಿ ಫಿಂಚ್ ಎಂಬ ಸಾಫ್ಟ್‌ಬಾಲ್ ಪಿಚರ್, ಬೇಸ್‌ಬಾಲಿನ ದಿಗ್ಗಜರಾದ ಆಲ್ಬರ್ಟ್ ಪೂಹೋಲ್ಸ್, ಮೈಕ್ ಪಿಯಾಜಾರನ್ನು ಸ್ಟ್ರೈಕ್‌ಔಟ್ ಮಾಡಿದರು. ಆಕೆಯ ಎಸೆತಕ್ಕಿಂತ ವೇಗದ ಚೆಂಡನ್ನು ದಿನವೂ ಹೊಡೆಯುತ್ತಿದ್ದವರು ಅವರು. ಆದರೆ ಅವರ ಕಣ್ಣು ಓದಲು ಕಲಿತದ್ದು ತಲೆಯ ಮೇಲಿಂದ ಬರುವ ತೋಳನ್ನು. ಸೊಂಟದ ಪಕ್ಕದಿಂದ ಬರುವ ತೋಳಿನ ಮುಂದೆ ಅವರೂ ಅನಕ್ಷರಸ್ಥರಾದರು. ಮಷೀನು ಬೀಸನ್ನು ಚುರುಕು ಮಾಡೀತು, ಓದು ಕಲಿಸದು.

ಮೂರನೆಯವರು ಘೋಷವಾದಿಗಳು. ಬೇಲಿಯ ಹಿಂದಿನಿಂದ ‘ಹೊಡಿ!’ ಎಂದು ಕೂಗುವವರು. ಚೆಂಡು ಕಂಡು ಬಾಯಿ ತೆರೆಯಲು ಇವರಿಗೆ ೦.೨ ಸೆಕೆಂಡ್, ಕೇಳಿ ಮೈ ಅಲುಗಲು ಮಗಳಿಗೆ ಹೆಚ್ಚುಕಡಿಮೆ ಅಷ್ಟೇ. ಒಟ್ಟು ೦.೪. ಆಗ ಚೆಂಡು ಪ್ಲೇಟಿನ ಹತ್ತಿರ, ಬೀಸು ಇನ್ನೂ ಬಾಕಿ. ಇವರ ಸಲಹೆ ಸದಾ ಇತಿಹಾಸ.

ಸಿದ್ಧಾಂತ ಪ್ರಕರಣ

ಹಾಗಾದರೆ ತಂದೆಗೆ ಕೆಲಸವೇ ಇಲ್ಲವೇ? ಇದೆ. ಗಂಟೆಗೆ ೬೦ ಮೈಲಿ ವೇಗದಲ್ಲಿ ಎಸೆಯಲು ಅವರಿಂದಾಗದು, ಆಗಬೇಕಾಗಿಯೂ ಇಲ್ಲ. ೨೦ ಅಡಿ ದೂರದಲ್ಲಿ, ಕಾವಲು ಜಾಲರಿಯ ಹಿಂದೆ ಕೂತು, ಕೆಳಗಿನಿಂದ ೩೨ ಮೈಲಿ ವೇಗದಲ್ಲಿ ಎಸೆದರೂ ಮಗಳಿಗೆ ಸಿಗುವುದು ಅದೇ ೦.೪೩ ಸೆಕೆಂಡ್. ಹುಡುಗಿಗೆ ಅಭ್ಯಾಸವಾಗಬೇಕಾದದ್ದು ವೇಗವಲ್ಲ, ಸಮಯದ ಬಡತನ. ನಡುನಡುವೆ ಒಂದನ್ನು ನಿಧಾನವಾಗಿ ಎಸೆದರೆ ಐದನೆಯ ಭೇದಕ್ಕೂ ಔಷಧವಾಯಿತು. ಕ್ರಮ ಹೀಗಿರಲಿ: ಟೀ ಎಂಬ ಗೂಟದ ಮೇಲೆ ಇಟ್ಟ ಚೆಂಡಿನಿಂದ ದಾರಿ, ಹತ್ತಿರದ ಟಾಸಿನಿಂದ ಕಾಲ, ನಿಜವಾದ ಪಿಚರಿನಿಂದ ಓದು.

ಪರೀಕ್ಷಾ ಪ್ರಕರಣ

ವೈದ್ಯನಿಗೆ ನಾಡಿಯಾದರೆ ನಮಗೆ ಫೌಲ್. ಬಲಗೈ ಬ್ಯಾಟರಿನ ಫೌಲ್ ಮೊದಲ ಬೇಸಿನ ಆಚೆ ಹೋದರೆ ಇನ್ನೂ ತಡ. ಮೂರನೇ ಬೇಸಿನ ಆಚೆ ಹೋದರೆ ಅವಸರ. ನೇರ ಹಿಂದಕ್ಕೆ ಹಾರಿ ಜಾಲರಿಗೆ ಬಡಿದರೆ ಕಾಲ ಕೂಡಿದೆ, ಎತ್ತರ ಮಾತ್ರ ಒಂದೆಳೆ ತಪ್ಪಿದೆ. ಸ್ಕೋರ್‌ಬೋರ್ಡಿನಲ್ಲಿ ಮೂರಕ್ಕೂ ಒಂದೇ ಬೆಲೆ; ನೋಡಬಲ್ಲವರಿಗೆ ಮೂರೂ ಬೇರೆ ಬೇರೆ ವರದಿ. ಏನೂ ತಾಗದೆ ಹೋದ ಬೀಸು ಇಷ್ಟು ಮಾತಾಡುವುದಿಲ್ಲ.

ಫಲಶ್ರುತಿ

ಇದನ್ನು ಓದಿದ ಸ್ತಂಭಿನಿಯ ತಂದೆಗೆ, ಮಗಳು ಬ್ಯಾಟು ಬೀಸಿ ಔಟಾಗುವ ಭಾಗ್ಯ ಲಭಿಸುತ್ತದೆ. ವಿಲಂಬಿತೆಯ ತಾಯಿಗೆ ಮೊದಲ ಬೇಸಿನ ಆಚೆಗೊಂದು ಫೌಲ್. ಯಂತ್ರವಾದಿಗೆ ಗ್ಯಾರೇಜಿನಲ್ಲಿ ಜಾಗ. ಘೋಷವಾದಿಗೆ ಗಂಟಲು. ಇಷ್ಟಾದ ಮೇಲೂ ಸಂಶಯ ಉಳಿದ ಕ್ರಿಕೆಟ್‌ವಾದಿಗೆ ಪ್ರತ್ಯಕ್ಷ ಪ್ರಮಾಣವೊಂದೇ ಗತಿ: ಹೆಲ್ಮೆಟ್ ಹಾಕಿಕೊಂಡು ಮಗಳ ತಂಡದ ಪಿಚರಿನ ಎದುರು ಒಮ್ಮೆ ನಿಲ್ಲಲಿ. ಮೂರು ಚೆಂಡು ಸಾಕು. ಐದರಲ್ಲಿ ಅವರು ಯಾವ ಭೇದಕ್ಕೆ ಸೇರಿದವರೆಂದು ಮಗಳೇ ಹೇಳುತ್ತಾಳೆ.