ಕಾಮಾಲೆ ಡಾಕ್ಟರು

ಕಂಪ್ಯೂಟರಿನ ಬಣ್ಣ ಕೆಟ್ಟರೆ ನಮ್ಮ ಕಡೆ ಮೆಕ್ಯಾನಿಕ್ಕಿಗಿಂತ ಮೊದಲು ಬರುವವರು, "ಎಲ್ಲಿ, ಒಸಿ ಜರುಗಿ" ಅನ್ನುವವರು. ಊರಿಗೊಬ್ಬರು ಇದ್ದೇ ಇರುತ್ತಾರೆ. ಶಿಡ್ಲಘಟ್ಟದ ನಮ್ಮವರಿಗೆ ಹಳದಿ ತಿರುಗಿದ ಪರದೆ ಕಂಡರೆ ಸಾಕು, "ಕಾಮಾಲೆ!" ಎಂದು ಘೋಷಿಸುತ್ತಾರೆ. ಹಾಗಾಗಿ ಕಾಮಾಲೆ ಡಾಕ್ಟರು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು 2007ರಲ್ಲಿ. ಇವರ ವೈದ್ಯ ಅದಕ್ಕೂ ಹಳೆಯದು. ಜೇಬಿನಲ್ಲಿ ಸದಾ ಒಂದು ಟೆಸ್ಟರು. ಅದು ಕರೆಂಟು ಕಂಡದ್ದಕ್ಕಿಂತ ಬೆನ್ನು ಕೆರೆದದ್ದೇ ಹೆಚ್ಚು.

ಈ ಕೀರ್ತಿಗೆ ಮೂಲ ಗೌರಿಬಿದನೂರಿನ ಒಂದು ಮನೆ. ಡುಬ್ಬದ ಮಾನಿಟರುಗಳ ಕಾಲ. ಪರದೆಯ ಮೂಲೆಗೆ ನೇರಳೆ ಕಲೆ ಬಿದ್ದಿತ್ತು. ಇವರು ಪಕ್ಕದ ಸ್ಪೀಕರನ್ನು ಒಂದು ಮೊಳ ಆಚೆಗಿಟ್ಟರು, ಕಲೆ ಮಾಯ. ಸ್ಪೀಕರಿನ ಅಯಸ್ಕಾಂತ ಒಳಗಿನ ಎಲೆಕ್ಟ್ರಾನುಗಳ ದಾರಿ ತಪ್ಪಿಸಿತ್ತು, ಅಷ್ಟೆ. ಅಂದಿನಿಂದ ಎಲ್ಲ ರೋಗಕ್ಕೂ ಒಂದೇ ಮದ್ದು: ಪಕ್ಕದಲ್ಲಿರುವುದನ್ನು ಜರುಗಿಸುವುದು. ಎಲ್‌ಸಿಡಿಗೆ ಆ ಕಾಟವಿಲ್ಲ ಎಂದರೆ, "ನಿಂಗೇನಪ್ಪಾ ಗೊತ್ತು, ನಿನ್ನೆ ಮೊನ್ನೆ ಹುಟ್ಟಿದೋನು!"

ಚಿಕ್ಕಬಳ್ಳಾಪುರದ ನೆಂಟರ ಮನೆಯಲ್ಲಿ ಮೂರು ಸಂಜೆ ಬೀರು, ಮೇಜು, ಕೊನೆಗೆ ಅಜ್ಜಿಯನ್ನೂ ಜರುಗಿಸಿದರು. ನಾಲ್ಕನೆಯ ಸಂಜೆ ಮೊಮ್ಮಗಳು, ಪರದೆಯನ್ನು ಹಳದಿ ಮಾಡುತ್ತಿದ್ದ ವಿಂಡೋಸಿನ ನೈಟ್ ಲೈಟ್ ಆರಿಸಿ ಆಟವಾಡಲು ಓಡಿದಳು.

ಮೊನ್ನೆ ನನ್ನ ಡಿಟಿಪಿ ಅಂಗಡಿಯ ಸರದಿ. ರೇಷ್ಮೆ ಗೂಡಿನ ಮಾರ್ಕೆಟ್ಟಿನಿಂದ ಬಂದ ರೈತರೊಬ್ಬರು ಪರದೆಯ ಮೇಲೆ ತಮ್ಮ ಬ್ಯಾನರ್ ನೋಡಿ ಹೌಹಾರಿದರು. "ಸಾರ್, ನಾನು ಕೊಟ್ಟಿದ್ದು ಬೈವೋಲ್ಟೀನ್ ಗೂಡಿನ ಫೋಟೊ, ಹಾಲಿನಂಗಿತ್ತು. ಇದು ಸಿ.ಬಿ. ಆಗೈತಲ್ಲ! ಹರಾಜಿಗೆ ಮುಂಚೇನೇ ರೇಟು ಇಳಿಸಿಬಿಟ್ರಾ?"

ಬಿಳಿ ಗೂಡು ಹಳದಿ ಮಿಶ್ರತಳಿ, ಅಂದರೆ ಸಿ.ಬಿ. ಗೂಡಾಗಿ ಕೂತಿತ್ತು. ಡಾಕ್ಟರು ಯಾರೂ ಕರೆಯದೆ ಹಾಜರು. ಪರೀಕ್ಷೆಗೆಂದು ಕನ್ನಡ ಬಾವುಟ ತೆರೆಸಿದರು. ಹಳದಿ ಹಳದಿಯೇ, ಕೆಂಪು ಕೆಂಪೇ. "ಬಾವುಟಾನೇ ಸರಿಯಾಗಿ ಕಾಣ್ತೈತೆ, ಇನ್ನೇನು ಬೇಕು? ರೋಗ ಗೂಡಿಗೇ ಬಂದಿರೋದು!"

ನಾನು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿದೆ. ಅಲ್ಲಿ ಗೂಡು ಅಚ್ಚ ಬಿಳಿ. ಅಂದರೆ ಕಂಪ್ಯೂಟರಿನ ತಲೆ ನೆಟ್ಟಗಿದೆ. ದೋಷವೇನಿದ್ದರೂ ಕೇಬಲಿನಲ್ಲೋ ಮಾನಿಟರಿನಲ್ಲೋ.

"ಹಂಗಾದ್ರೆ ಫೋನು ಕೆಟ್ಟೈತೆ" ಅಂದರು ಡಾಕ್ಟರು.

ವಿಜಿಎ ಕೇಬಲ್ ಬಿಚ್ಚಿದೆ. ಅದರ 15 ಪಿನ್ನುಗಳಲ್ಲಿ ಒಂದನೆಯದು ಕೆಂಪು ಹೊರುತ್ತದೆ, ಎರಡನೆಯದು ಹಸಿರು, ಮೂರನೆಯದು ನೀಲಿ. ಮೂರನೆಯದು ಸೊಟ್ಟಗಾಗಿತ್ತು. ಬಿಳಿಯೊಳಗಿಂದ ನೀಲಿ ಜಾರಿದರೆ ಉಳಿದ ಕೆಂಪು, ಹಸಿರು ಬೆರೆತು ಹಳದಿ. ಬಾವುಟದ ಹಳದಿ ಕೆಂಪಿಗೆ ನೀಲಿಯ ಹಂಗೇ ಇಲ್ಲ, ಅದಕ್ಕೇ ಅದು ಗಟ್ಟಿಯಾಗಿ ನಿಂತಿತ್ತು. ಹೋದದ್ದು ಒಂದನೆಯ ಪಿನ್ನಾಗಿದ್ದರೆ ಹಳದಿ ಹಸಿರಾಗಿ, ಕೆಂಪು ಕಪ್ಪಾಗಿ, ಡಾಕ್ಟರಿಗೂ ಬೆವರೊಡೆಯುತ್ತಿತ್ತು.

ಪಿನ್ನು ನೆಟ್ಟಗೆ ಮಾಡಲು ಅವರ ಟೆಸ್ಟರನ್ನೇ ಇಸಕೊಂಡೆ. ನಾನು ಮೇಜಿನ ಕೆಳಗೆ ಬಗ್ಗಿ ಕೇಬಲ್ ಸಿಕ್ಕಿಸುವುದಕ್ಕೂ, ಮೇಲೆ ಅವರು ಮಾನಿಟರಿನ ಪಕ್ಕದ ಪುಟ್ಟ ಗಣಪತಿಯನ್ನು ಅತ್ತ ಸರಿಸುವುದಕ್ಕೂ ಸರಿಹೋಯಿತು. ಗೂಡು ಬೆಳ್ಳಗಾಯಿತು. ರೈತರು ಡಾಕ್ಟರಿಗೆ ಕೈಮುಗಿದು ಟೀ ಹೇಳಿದರು. ನನಗೆ ಹೇಳಿದ್ದು, ಬ್ಯಾನರ್ ಸಂಜೆಯೊಳಗೆ ಬೇಕು ಅಂತ.

ಮಾರನೆಯ ದಿನ ಚಿಂತಾಮಣಿಯ ಟೊಮೆಟೊ ಮಂಡಿಯಿಂದ ಅವರಿಗೆ ಫೋನು. ಕಂಪ್ಯೂಟರಿನಲ್ಲಿ ಟೊಮೆಟೊ ಕರ್ರಗೆ ಕಾಣುತ್ತಿದೆಯಂತೆ. ಒಂದನೆಯ ಪಿನ್ನು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದರು: "ಪಕ್ಕದಲ್ಲಿ ಗಣಪತಿ ಐತಾ? ಇಲ್ಲಾಂದ್ರೆ ನಾನೇ ಒಂದು ತರ್ತೀನಿ."