ಅಸುರ ಸಂಹಾರ, ಮಡಿಕೇರಿ ಮಾದರಿ: ಜೋಡಣೆ ಮತ್ತು ಬಳಕೆಯ ಕೈಪಿಡಿ

ದಸರಾ ಮಂಟಪವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಆರಿಸಿಕೊಂಡಿದ್ದು ಅಂದರೆ, ದೇವಸ್ಥಾನದ ಸಮಿತಿ ಸಭೆಯಲ್ಲಿ ಟೀ ಕುಡಿಯುತ್ತಾ "ಈ ಸಲ ಕಲಾಕೃತಿ ಕಡೆ ನಾನು ನೋಡ್ಕೊಳ್ತೇನೆ" ಅಂತ ಬಾಯಿ ಜಾರಿತಲ್ಲ, ಅದೇ. ವಾಪಸ್ ಮಾಡುವ ಸೌಲಭ್ಯ ಈ ಉತ್ಪನ್ನಕ್ಕಿಲ್ಲ. ಕೆಲಸ ಶುರು ಮಾಡುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ಪುರುಸೊತ್ತಿಲ್ಲದಿದ್ದರೆ ಎಚ್ಚರಿಕೆಗಳನ್ನಾದರೂ ಓದಿ. ಅದಕ್ಕೂ ಪುರುಸೊತ್ತಿಲ್ಲವೆಂದಾದರೆ ಕೆಲಸ ಸರಿಯಾಗಿಯೇ ನಡೆಯುತ್ತಿದೆ.

ಉತ್ಪನ್ನದ ಪರಿಚಯ

ನವರಾತ್ರಿಯ ಮೊದಲ ದಿನ ಪಂಪಿನ ಕೆರೆಯಿಂದ 4 ಕರಗಗಳು ಹೊರಡುತ್ತವೆ: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ವಿಜಯದಶಮಿಯ ರಾತ್ರಿ ಈ ನಾಲ್ವರ ಜೊತೆಗೆ ಪೇಟೆ ಶ್ರೀರಾಮಮಂದಿರ, ದೇಚೂರು ಶ್ರೀರಾಮಮಂದಿರ, ಕೋದಂಡರಾಮ, ಚೌಡೇಶ್ವರಿ, ಕೋಟೆ ಗಣಪತಿ, ಕರವಲೆ ಭಗವತಿ ಸೇರಿ 10 ಮಂಟಪಗಳು ಟ್ರ್ಯಾಕ್ಟರ್ ಏರಿ ಬೀದಿಗಿಳಿಯುತ್ತವೆ. ನಿಮ್ಮದು ಅದರಲ್ಲೊಂದು. ಗೋಣಿಕೊಪ್ಪದಲ್ಲೂ ದಶಮಂಟಪಗಳಿವೆ, ಬಿಡಿಭಾಗಗಳು ಅವೇ, ಅಭಿಮಾನ ಬೇರೆ.

ಇದು ಎಂಥದ್ದು ಎಂದು ಬೆಂಗಳೂರಿನ ನೆಂಟರು ಕೇಳಿದರೆ 'ಇನ್‌ಸ್ಟಲೇಷನ್' ಅನ್ನಿ, ಸುಮ್ಮನಾಗುತ್ತಾರೆ. ಸುಳ್ಳೇನೂ ಅಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಕೂದಲಿನ ಹಗ್ಗದಿಂದ ಕಾರಿನ ಬಂಪರುಗಳನ್ನು ತೂಗುಹಾಕಿದ್ದು 2009ರ ವೆನಿಸ್ ಬಿನಾಲೆಯಲ್ಲಿತ್ತು. ವಿಗ್ರಹದ ಆಕಾರಗಳನ್ನೂ ಯಂತ್ರಗಳನ್ನೂ ಒಂದೇ ಕೃತಿಗೆ ತರುವ ಕೋಟೇಶ್ವರದ ಎಲ್.ಎನ್. ತಲ್ಲೂರು ಅವರಿಗೆ 2012ರಲ್ಲಿ ಸ್ಕೋಡಾ ಪ್ರಶಸ್ತಿ ಬಂತು. ಆ ಕೃತಿಗಳನ್ನು ಜನ ಬಿಳಿ ಗೋಡೆಯ ಕೋಣೆಯಲ್ಲಿ, ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾರೆ. ನಿಮ್ಮದನ್ನು ನೋಡುವವರು ಬೆಳಗಿನ ಜಾವ 3 ಗಂಟೆಗೆ, ಮಂಜಿನಲ್ಲಿ, ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು, ಇನ್ನೂ 6 ಮಂಟಪ ನೋಡುವುದು ಬಾಕಿ ಇರುವವರು. ಅಂಥವರ ಕಾಲು ನಿಲ್ಲಿಸುವುದು ಹೆಚ್ಚು ಕಷ್ಟ ಎನ್ನುವುದು ಈ ಕೈಪಿಡಿಯ ಖಚಿತ ಅಭಿಪ್ರಾಯ.

ದೇವರ ಕೆಲಸದಲ್ಲಿ ಶೈಲಿಗಳನ್ನು ಬೆರಕೆ ಮಾಡಬಹುದೋ ಬಾರದೋ ಎಂಬ ಸಂಕೋಚ ಬೇಡ. ಕೊಡಗಿನ ಅರಸ ಲಿಂಗರಾಜೇಂದ್ರ 1820ರಲ್ಲೇ ಓಂಕಾರೇಶ್ವರನ ಗುಡಿಯ ಮೇಲೆ ಗುಮ್ಮಟ ಕೂರಿಸಿ, ಮೂಲೆಗೊಂದು ಮಿನಾರು ನಿಲ್ಲಿಸಿ ನಿಮ್ಮ ದಾರಿ ಸಲೀಸು ಮಾಡಿದ್ದಾನೆ.

ಹಂತ 1: ಯಾರನ್ನು ಕೊಲ್ಲುವುದು

ಶಕ್ತಿ ದೇವಸ್ಥಾನವಾದರೆ ಮಹಿಷ, ರಕ್ತಬೀಜ, ಶುಂಭ-ನಿಶುಂಭ. ಗಣಪತಿಯಾದರೆ ಗಜಾಸುರ, ಸಿಂಧೂರಾಸುರ. ರಾಮಮಂದಿರದವರಿಗೆ ಲಂಕೆಯ ಸಂಸಾರ ದೊಡ್ಡದಿದೆ. ಆಚೆ ಕೇರಿಯವರೂ ಅದೇ ಅಸುರನನ್ನು ಹಿಡಿದಿದ್ದಾರಂತೆ ಎಂಬ ಸುದ್ದಿ ಬಂದರೆ ಗಾಬರಿಯಾಗಬೇಡಿ. ಪುರಾಣದಲ್ಲಿ ಅಸುರರಿಗೆ ಬರವಿಲ್ಲ. ಬರ ಇರುವುದು ಚಂದಾ ರಸೀದಿ ಪುಸ್ತಕದಲ್ಲಿ.

ಕರಡು ಚಿತ್ರಕ್ಕೆ ಈಗ ಎಲ್ಲರೂ ಎಐ ಬಳಿ ಓಡುತ್ತಾರೆ. ನೀವೂ ಓಡಿ. ಕೈಬೆರಳು ಲೆಕ್ಕ ತಪ್ಪುವ ಅದರ ಹಳೆಯ ರೋಗ ಇಲ್ಲಿ ದೊಡ್ಡ ತೊಂದರೆಯಲ್ಲ. ದೇವಿಗೆ 8 ಕೈ ಕೇಳಿದಲ್ಲಿ 9 ಬಂದರೆ ಸಮಿತಿಯ ಹಿರಿಯರು ಅದಕ್ಕೊಪ್ಪುವ ಪುರಾಣ ಹುಡುಕಿ ಕೊಡುತ್ತಾರೆ. ತೊಂದರೆ ಇರುವುದು ಅಸುರನ ಮುಖದಲ್ಲಿ. ಎಐ ಕೊಡುವ ಅಸುರ ಜಿಮ್ಮಿಗೆ ಹೋಗಿ ಬಂದಿರುತ್ತಾನೆ, ಮೈತುಂಬ ಗಂಟುಗಂಟು ಮಾಂಸ, ಮುಖದಲ್ಲಿ ಮಾತ್ರ ಏನೂ ಇಲ್ಲ. ಮೈಯನ್ನು ಇಟ್ಟುಕೊಂಡು ಮುಖವನ್ನು ಅಳಿಸಿಹಾಕಿ. ಮುಖಕ್ಕೆ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷವನ್ನು ನೋಡಿ, ಅಕ್ಕಿಹಿಟ್ಟಿನ ಚುಟ್ಟಿ ಕೆನ್ನೆಯನ್ನು ಹೇಗೆ ಮುಳ್ಳುಮುಳ್ಳಾಗಿಸುತ್ತದೆ ಎಂದು ಗಮನಿಸಿ. ದಕ್ಷಿಣ ಕೊಡಗಿನಲ್ಲಿ ಒಂದು ತೆರೆ, ಅಂದರೆ ದೈವದ ವೇಷ ಕಟ್ಟಿ ಕುಣಿಯುವ ಆಚರಣೆ, ನೋಡಿ ಬನ್ನಿ. ದೂರದಿಂದ, ಕತ್ತಲಲ್ಲಿ, ಬೆಂಕಿಯ ಬೆಳಕಿನಲ್ಲಿ ಕಾಣಬೇಕಾದ ಮುಖವನ್ನು ಬರೆಯುವುದು ಹೇಗೆ ಎಂದು ಆ ವೇಷಧಾರಿಗಳಿಗೆ ಗೊತ್ತು. ನಿಮ್ಮ ಗಿರಾಕಿಯೂ ಕತ್ತಲಲ್ಲೇ ಇದ್ದಾನೆ.

ಹಂತ 2: ಮೈ

ಕಬ್ಬಿಣದ ಸರಳು, ಹುಲ್ಲು, ಗೋಣಿ, ಮಣ್ಣು. ಅಥವಾ ಥರ್ಮೋಕೋಲ್, ಫೈಬರ್. ಇದನ್ನು ಬಲ್ಲವರು ಬಲ್ಲರು. ಒಂದೇ ಸೂಚನೆ: ಬಣ್ಣದ ಡಬ್ಬದ ಮೇಲೆ ನಮೂದಿಸಿದ ಒಣಗುವ ಅವಧಿ ಮೈಸೂರಿನವರಿಗೆ ಅನ್ವಯ. ಮಡಿಕೇರಿಯಲ್ಲಿ ಹ್ಯಾಲೊಜನ್ ದೀಪ ಹಚ್ಚಿ, ಟಾರ್ಪಾಲು ಇಳಿಬಿಟ್ಟು, ಕಾಯಿರಿ.

ಹಂತ 3: ಚಲನವಲನ

ಅಸುರನ ಎದೆ ಏರಿಳಿಯಲು ಗುಜರಿಯಿಂದ ತಂದ ಜೀಪಿನ ವೈಪರ್ ಮೋಟಾರ್ ಸಾಕು. ದೇವಿಯ ತ್ರಿಶೂಲಕ್ಕೆ ಏರ್ ಕಂಪ್ರೆಸರ್ ಹಾಕಿ, ಗಾಳಿಯ ಪಿಸ್ಟನ್ ಥಟ್ಟನೆ ಹೊಡೆಯುತ್ತದೆ. ಅಸುರ ಬೀಳುವುದಕ್ಕೆ ಮಾತ್ರ ಹೈಡ್ರಾಲಿಕ್ಕೇ ಬೇಕು. ಎಣ್ಣೆಯ ಪಿಸ್ಟನ್ ನಿಧಾನ, ಭಾರ ತಡೆಯುತ್ತದೆ. ಕೊಲ್ಲುವುದು ಕ್ಷಣದಲ್ಲಿ, ಬೀಳುವುದು ನಿಧಾನಕ್ಕೆ. ಇದನ್ನು ಅದಲುಬದಲು ಮಾಡಿದರೆ ಜನ ನಗುತ್ತಾರೆ.

ಎಲ್ಲಕ್ಕೂ ಯಜಮಾನ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿಸಿದ ಧ್ವನಿ. ಯಾವ ಮಾತಿಗೆ ಯಾವ ವಾಲ್ವ್ ತೆರೆಯಬೇಕು, ಯಾವ ದೀಪ ಕೆಂಪಾಗಬೇಕು ಎಂದು ಕಂಟ್ರೋಲ್ ಬೋರ್ಡಿನ ಹುಡುಗ ಸೆಕೆಂಡು ಲೆಕ್ಕದಲ್ಲಿ ಬರೆದಿಟ್ಟಿರುತ್ತಾನೆ. ಆ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ತಲೆ ಉರುಳುವ ಸಾಲಿನ ಪಕ್ಕದಲ್ಲೇ 'ಎದೆಯ ಮೋಟಾರ್ ಬಂದ್' ಎಂದಿದೆಯೇ ನೋಡಿ. ಇಲ್ಲದಿದ್ದರೆ ರುಂಡ ಹಾರಿದ ಮೇಲೂ ಮುಂಡ ನೆಮ್ಮದಿಯಾಗಿ ಉಸಿರಾಡುತ್ತದೆ. ಅದನ್ನು ಮೊದಲು ಕಂಡುಹಿಡಿಯುವುದು ಹೆಗಲ ಮೇಲಿನ ಮಗು. ಅದು ಕೂಗಿ ಹೇಳುತ್ತದೆ.

ಹಂತ 4: ಕಣ್ಣು

ಉಳಿದ ಹಂತಗಳಲ್ಲಿ ಉಳಿಸಿದ ಸಮಯವನ್ನೆಲ್ಲ ಇಲ್ಲಿ ಖರ್ಚು ಮಾಡಿ. ಟ್ಯೂಬ್‌ಲೈಟಿನ ಕೆಳಗೆ ಕಲಸಿದ ಕೆಂಪು, ಪ್ರದರ್ಶನದ ದಿನ ನೀಲಿ ಎಲ್‌ಇಡಿ ಬಿದ್ದೊಡನೆ ಕಪ್ಪಾಗುತ್ತದೆ. ನೀಲಿ ಬೆಳಕಿನಲ್ಲಿ ಕೆಂಪೇ ಇಲ್ಲ, ಬಣ್ಣ ಎಲ್ಲಿಂದ ತಂದು ತೋರಿಸೀತು? ದೇವಿಯ ಹಣೆಯ ಕುಂಕುಮ ತೂತಿನ ಹಾಗೆ ಕಾಣುತ್ತದೆ. ಆದ್ದರಿಂದ ಟ್ಯೂಬ್‌ಲೈಟ್ ಆರಿಸಿ, ಪ್ರದರ್ಶನದ ದೀಪಗಳನ್ನೇ ಒಂದೊಂದಾಗಿ ಹಾಕಿಸಿಕೊಂಡು ಬಣ್ಣ ಕಲಸಿ. ಇಡೀ ಶೆಡ್ಡಿನಲ್ಲಿ ಚಿತ್ರಕಾರನೂ ಬೋರ್ಡಿನ ಹುಡುಗನೂ ಒಬ್ಬರ ಮಾತನ್ನೊಬ್ಬರು ನಿಜವಾಗಿ ಕೇಳಿಸಿಕೊಳ್ಳುವ ಹೊತ್ತು ಇದು. ಹೆಚ್ಚು ಕಾಲ ಉಳಿಯುವುದಿಲ್ಲ.

"ಅಣ್ಣಾ, ಒಂದ್ಸಲ ಕುತ್ತಿಗೆ ತಿರುಗಿಸಿ ನೋಡ್ತೇನೆ."

"ತಡಿ ಮಾರಾಯ, ಕಣ್ಣಿಗೆ ಕೈ ಹಾಕಿದ್ದೇನೆ."

ಅಷ್ಟರಲ್ಲಿ ಕುತ್ತಿಗೆ ತಿರುಗಿರುತ್ತದೆ. ಹುಬ್ಬಿನಿಂದ ಕಿವಿಯವರೆಗೆ ಕಪ್ಪು ಗೆರೆ. ಅಸುರನದಾದರೆ ಅದನ್ನೇ ಹಳೆಯ ಯುದ್ಧದ ಗಾಯ ಮಾಡಬಹುದು. ದೇವಿಯದಾದರೆ ಮುಖವಿಡೀ ಮತ್ತೆ ಬಳಿಯಬೇಕು. ಆಗ ಇಬ್ಬರ ನಡುವೆ ನಡೆಯುವ ಮಾತನ್ನು ಈ ಕೈಪಿಡಿ ಮುದ್ರಿಸುವುದಿಲ್ಲ.

ಕಣ್ಣಾಲಿಯನ್ನು ಸ್ವಲ್ಪ ಕೆಳಕ್ಕೆ ಇಳಿಸಿ ಬರೆಯಿರಿ. ಜನ ನಿಂತಿರುವುದು ರಸ್ತೆಯಲ್ಲಿ, ದೇವಿ ಟ್ರೇಲರಿನ ಮೇಲೆ. ನೇರಕ್ಕೆ ಬರೆದರೆ ಅವಳು ಎದುರಿನ ಲಾಡ್ಜಿನ ಎರಡನೆಯ ಮಹಡಿಯವರನ್ನಷ್ಟೇ ಹರಸುತ್ತಾಳೆ.

ಎಚ್ಚರಿಕೆ: ಪರದೆ

ಯಾರೋ ಒಬ್ಬರು ಎಲ್‌ಇಡಿ ಪರದೆ ಹಾಕಿಸೋಣ ಎನ್ನುತ್ತಾರೆ. ಹಾಕಿಸಿ. ಮೋಡ, ಮಿಂಚು, ಸಮುದ್ರ, ಕೈಲಾಸ ಅದರಲ್ಲಿ ಬರಲಿ. ಕೊಲ್ಲುವ ಕೆಲಸವನ್ನು ಮಾತ್ರ ಅದಕ್ಕೆ ವಹಿಸಬೇಡಿ. ಗ್ರಾಫಿಕ್ಸಿನಲ್ಲಿ ಸತ್ತ ಅಸುರನನ್ನು ಜನ ಮನೆಯ ಟಿವಿಯಲ್ಲಿ ಬೇಕಾದಷ್ಟು ನೋಡಿದ್ದಾರೆ. ಚಳಿಯಲ್ಲಿ ನಿಂತಿರುವುದು, ಕಬ್ಬಿಣ-ಮಣ್ಣಿನ ಒಂದು ಭಾರ ತಮ್ಮ ಕಣ್ಣೆದುರು ವಾಲಿ, ಟ್ರೇಲರ್ ಕಿರುಗುಟ್ಟಿ, ಧಡ್ಡನೆ ಬೀಳುವುದನ್ನು ನೋಡಲು. ಮಂಟಪದಲ್ಲಿ ಡಿಜಿಟಲ್ ಎಷ್ಟು ಬೇಕಾದರೂ ಇರಲಿ, ಸಾಯುವವನಿಗೆ ಮೈ ಇರಬೇಕು.

ಎಚ್ಚರಿಕೆ: ಶಬ್ದ

2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಉತ್ಪನ್ನದ ಬಳಕೆಯ ವೇಳೆಯೂ ಹೆಚ್ಚುಕಡಿಮೆ ಅದೇ. ಈ ವಿಷಯದಲ್ಲಿ ಕೈಪಿಡಿ ಸಲಹೆ ಕೊಡುವುದಿಲ್ಲ.

ಸಾಗಣೆ

ಮಡಿಕೇರಿಯಲ್ಲಿ ಸಪಾಟಾದ ರಸ್ತೆ ಎಂದರೆ ಗಾಂಧಿ ಮೈದಾನ, ಅದು ರಸ್ತೆಯಲ್ಲ. ಉಳಿದದ್ದೆಲ್ಲ ಏರು ಇಲ್ಲವೇ ಇಳಿಜಾರು, ತಲೆಯ ಮೇಲೆ ಕರೆಂಟಿನ ತಂತಿ. ಮಡಚಿಕೊಳ್ಳುವ ಅಸುರನನ್ನು ಕಟ್ಟಿ. ಮೂರು ಲೋಕ ನಡುಗಿಸಿದವನು ಮಹದೇವಪೇಟೆಯ ತಂತಿಗಳ ಕೆಳಗೆ ಬೆನ್ನು ಬಗ್ಗಿಸಿ ಹೋಗಿ, ಜಾಗ ಸಿಕ್ಕಲ್ಲಿ ಎದ್ದು ನಿಂತು ಅಟ್ಟಹಾಸ ಮಾಡಲಿ. ಚಾಲಕನನ್ನು ಚಲನವಲನದ ತಾಲೀಮಿಗೂ ಕರೆಯಿರಿ. ಅವನ ಒಂದು ಬ್ರೇಕಿಗೆ ಇಡೀ ದೇವಲೋಕ ಮುಗ್ಗರಿಸಬಲ್ಲದು.

ಹೆಸರು ಎಲ್ಲಿ ಹಾಕಬೇಕು

ಈ ಭಾಗ ಖಾಲಿ ಇದೆ. 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಕೋಲ್ಕತ್ತದ ದುರ್ಗಾಪೂಜೆಯಲ್ಲಿ ಥೀಮ್ ಪೆಂಡಾಲು ಮಾಡುವ ಭವತೋಷ್ ಸುತಾರ್, ಸನಾತನ ದಿಂಡಾ ಅಂಥವರ ಹೆಸರು ಕೇಳಿಯೇ ಜನ ಪೆಂಡಾಲು ಹುಡುಕಿಕೊಂಡು ಹೋಗುತ್ತಾರೆ. ನಿಮ್ಮ ಹೆಸರು ಮಂಟಪದ ದಿನದ ಪತ್ರಿಕೆಯಲ್ಲಿ, ಕಥಾಸಾರಾಂಶದ ಕೊನೆಯಲ್ಲಿ, 'ಕಲಾಕೃತಿ' ಎಂಬ ಪದದ ಪಕ್ಕ, ಟ್ರ್ಯಾಕ್ಟರ್ ಕೊಟ್ಟವರಿಗಿಂತ ಒಂದು ಸಾಲು ಮೇಲೆ ಬರಬಹುದು. ಇದು ಅನ್ಯಾಯ ಎಂದು ಈ ಕೈಪಿಡಿ ಭಾವಿಸುತ್ತದೆ. ಮುಂದಿನ ಸಭೆಯಲ್ಲಿ ಟೀ ಬರುವ ಮೊದಲೇ ಈ ವಿಷಯ ಎತ್ತಿ.

ದೋಷ ಪರಿಹಾರ

ಜನರೇಟರ್ ನಿಂತರೆ: ಧ್ವನಿಯೂ ನಿಂತಿರುತ್ತದೆ. "ದೇವಿ ಯೋಚಿಸುತ್ತಿದ್ದಾಳೆ" ಎಂಬ ಮುಖ ಮಾಡಿ ನಿಲ್ಲಿ.

ತ್ರಿಶೂಲ ಹೊಡೆಯದೆ ಅಸುರ ಬಿದ್ದರೆ: ಹೊಗೆ ಬಿಡಿ. ಹೊಗೆ ಯಂತ್ರ ಖರೀದಿಸುವುದೇ ಇದಕ್ಕೆ.

ಮಂಟಪ ಸ್ಪರ್ಧೆಯ ತೀರ್ಪು ಒಪ್ಪಿಗೆಯಾಗದಿದ್ದರೆ: ಇದು ದೋಷವಲ್ಲ, ಉತ್ಪನ್ನದ ಸಹಜ ಗುಣ.

ಬಿಚ್ಚುವುದು

ಬೆಳಗಾದ ಕೂಡಲೇ ವೈಪರ್ ಮೋಟಾರುಗಳನ್ನು ನೀವೇ ಬಿಚ್ಚಿ ಜೋಪಾನ ಮಾಡಿ. ಮಧ್ಯಾಹ್ನದ ಹೊತ್ತಿಗೆ ಅವುಗಳಿಗೆ ಬೇರೆ ವಾರಸುದಾರರು ಹುಟ್ಟಿಕೊಳ್ಳುತ್ತಾರೆ. ಟ್ರೇಲರನ್ನು ತೊಳೆದು ಕೊಡಿ, ಅದು ತೋಟಕ್ಕೆ ಗೊಬ್ಬರ ಹೊರಬೇಕು. ಪಿಸ್ಟನ್, ವಾಲ್ವ್, ದೀಪ, ಧ್ವನಿಯ ಫೈಲು ಎಲ್ಲವನ್ನೂ ಬರುವ ವರ್ಷಕ್ಕೆ ಧಾರಾಳವಾಗಿ ಬಳಸಿ, ಯಾರಿಗೂ ಗೊತ್ತಾಗದು. ಅಸುರನ ತಲೆಯನ್ನು ಮಾತ್ರ ಬಳಸಬೇಡಿ. ಜನ ಗುರುತು ಹಿಡಿಯುತ್ತಾರೆ. ಮೀಸೆ ಬದಲಿಸಿದರೂ ಹಿಡಿಯುತ್ತಾರೆ.