ಬಾಳೆ ಬೂದಿ, ಬಿಳಿಗಾರ ಇತ್ಯಾದಿ

ನಮ್ಮ ಮನೆಯ ಹಿಟ್ಟಿನ ಸಾಣಿಗಿ ಈಗ ಕಪಾಟಿನಲ್ಲಿ, ಬೀಗದೊಳಗಿದೆ. ಕಾರಣ ನಾನೇ. ನಿವೃತ್ತರಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ನನ್ನ ಓರಗೆಯವರು ಸಂಜೆ ಕಲಬುರಗಿಯ ಅಪ್ಪನ ಕೆರೆಯ ದಂಡೆ ಸುತ್ತುತ್ತಾರೆ. ನಾನು ಮಣ್ಣಿನ ಪಾತ್ರೆಗೆ ಮೆರುಗು ಕೊಡುವ ಪಾಕ ಹುಡುಕುತ್ತೇನೆ.

ತಪ್ಪು ಬೀದರಿನದು. ಅಲ್ಲಿ ಮಹಮೂದ್ ಗವಾನನ 1472ರ ಮದರಸಾದ ಗೋಡೆಯಲ್ಲಿ ಉಳಿದ ಮೆರುಗಿನ ಹೆಂಚುಗಳು ಇಂದಿಗೂ ಮಿಂಚುತ್ತವೆ. ನಾನು ಬಣ್ಣ ಬಳಿಸಿದ ಕಾಂಪೌಂಡು ಎರಡು ಮಳೆಗಾಲ ತಡೆಯಲಿಲ್ಲ.

ಮೆರುಗೆಂದರೆ ಪಾತ್ರೆಯ ಮೈಮೇಲೆ ಕರಗಿ ಕೂತ ಗಾಜು. ಗಾಜಿಗೆ ಮೂಲ ಮರಳಿನ ಸಿಲಿಕಾ. ಅದೊಂದೇ ಕರಗಬೇಕೆಂದರೆ 1700 ಡಿಗ್ರಿ ಶಾಖ ಬೇಕು. ಕಲಬುರಗಿಯ ಮೇ ತಿಂಗಳೂ ಅಷ್ಟು ಸುಡುವುದಿಲ್ಲ. ಅದರ ಹಟ ಮುರಿಯಲು ಸುಣ್ಣವೋ ಕ್ಷಾರವೋ ಬೇಕು. ಕರಗಿದ್ದು ಪಾಯಸದಂತೆ ಹರಿದು ಭಟ್ಟಿಯ ನೆಲಕ್ಕೆ ಅಂಟದಿರಲು ಜೇಡಿಮಣ್ಣಿನ ಅಲ್ಯೂಮಿನಾ ಬೇಕು.

ಸುಣ್ಣಕ್ಕೆ ದೂರ ಹೋಗಲಿಲ್ಲ. ಕಾಲ ಕೆಳಗಿನ ಶಹಾಬಾದ್ ಪರ್ಸಿಯೇ ಸುಣ್ಣದ ಕಲ್ಲು. ಒಡೆದ ತುಂಡು ಕುಟ್ಟಿ ಸಾಣಿಗಿಯಲ್ಲಿ ಸೋಸಿದೆ. ಕ್ಷಾರಕ್ಕೆ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದೆ. ಕೆಂಬಾಳೆಯ ತೋಟದಲ್ಲಿ ಗೊನೆ ಕಡಿದ ದಿಂಡು ಕೇಳಿದಾಗ ರೈತ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದ. “ಹಣ್ಣು ಬಿಟ್ಟು ದಿಂಡು ಕೇಳ್ದವ್ರು ನೀವೇ ಮೊದಲ್ರಿ ಸರ” ಎಂದು ಎರಡು ಹಣ್ಣನ್ನೂ ಕೊಟ್ಟ. ಅಲ್ಲಿನ ಕೆಂಪು ಮಣ್ಣನ್ನೂ ಒಂದು ಚೀಲ ತುಂಬಿಕೊಂಡೆ.

ಬಾಳೆದಿಂಡು ಎಂದರೆ ನೆಟ್ಟಗೆ ನಿಂತ ನೀರು. ಇಬ್ಬರು ಹೊತ್ತು ತಂದದ್ದು ಒಣಗಿ, ಸುಟ್ಟು, ಎರಡು ಬೊಗಸೆ ಬೂದಿಯಾಯಿತು. ಬೂದಿ ತೊಳೆಯಬೇಕೆಂದು ಪುಸ್ತಕ ಹೇಳಿತ್ತು, ತೊಳೆದೆ. ನನಗೆ ಬೇಕಾಗಿದ್ದ ಪೊಟ್ಯಾಷೆಲ್ಲ ಆ ನೀರಿನಲ್ಲೇ ಕರಗಿ ಹೋಯಿತು. ಬಚ್ಚಲು ಮಾತ್ರ ಫಳಫಳ ಹೊಳೆಯಿತು.

ಪಾಕ ಬಳಿದು ನೋಡಲು ಕುಂಬಾರ ಕಾಕಾ ಕೊಡುವ ಮಣ್ಣಿನ ಬಿಲ್ಲೆಗಳು 1200 ಡಿಗ್ರಿಗೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ಮೆರುಗು ಕಡಿಮೆ ಶಾಖಕ್ಕೇ ಕರಗಲೆಂದು ಹಿಂದೆ ಸೀಸ ಹಾಕುತ್ತಿದ್ದರು. ಉಪ್ಪಿನಕಾಯಿಯ ಹುಳಿಗೆ ಸೀಸ ಬಿಟ್ಟರೆ ಅದು ವಿಷ. ಅದಕ್ಕೆ ಅಕ್ಕಸಾಲಿಗರ ಬಿಳಿಗಾರ ತಂದು ಬಿಸಿನೀರಿಗೆ ಕದಡಿದೆ. ಬೆಳಗಾಗುವಷ್ಟರಲ್ಲಿ ಬಕೆಟ್ಟಿನ ತಳದಲ್ಲಿ ಹರಳುಗಟ್ಟಿತ್ತು. “ಅಜ್ಜಾ, ಕಲ್ಲಸಕ್ರಿ!” ಎಂದು ಮೊಮ್ಮಗ ಕೈ ಹಾಕುವುದಕ್ಕೂ ನನ್ನಾಕೆ ಬರುವುದಕ್ಕೂ ಸರಿಹೋಯಿತು. ಸಾಣಿಗಿ ಜಪ್ತಾದದ್ದು ಅಂದೇ. ಬಿಳಿಗಾರವನ್ನು ಮರಳಿನ ಜೊತೆ ಮೊದಲೇ ಕರಗಿಸಿ ಗಾಜು ಮಾಡಿ, ಅರೆದು ಬಳಸಬೇಕೆಂಬುದು ಆಮೇಲೆ ತಿಳಿಯಿತು.

ಮಣ್ಣಿನ ಪಾಲಿಗೆ ಊರಭಿಮಾನದಿಂದ ಎರೆಮಣ್ಣು ಬೆರೆಸಿದ್ದೆ. ಅದು ಬಿಲ್ಲೆಯ ಮೇಲೂ ಬೇಸಿಗೆಯ ಹೊಲದಂತೆ ಬಾಯಿಬಿಟ್ಟಿತು. ಬೆಂಕಿಯಲ್ಲಿ ಮುದುಡಿ ಮಣಿಮಣಿಯಾಯಿತು. ಕಮಲಾಪುರದ ಕೆಂಪು ಮಣ್ಣೇ ಕೈಹಿಡಿದದ್ದು. ಮಜ್ಜಿಗೆಯ ಹದಕ್ಕೆ ಕಲಸಿ, ಅದ್ದಿ, ಸುಟ್ಟ ಹದಿನೇಳನೆಯ ಬಿಲ್ಲೆ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ ಹೊಳೆಯಿತು.

ಓಡಿಹೋಗಿ ಕಾಕಾನಿಗೆ ತೋರಿಸಿದೆ. ಹೆಬ್ಬೆರಳಿಂದ ಸವರಿ, “ಛಂದ ಆಗ್ಯದ ಬಿಡ್ರಿ. ಇದರ ಗಡಿಗ್ಯಾಗ ನೀರು ತಣ್ಣಗಾಗ್ತಾವೇನ್ರಿ?” ಎಂದ.

ಗಡಿಗೆಯ ನೀರು ಮೈಯ ಸಣ್ಣ ತೂತುಗಳಿಂದ ಜಿನುಗಿ ಆರುವುದರಿಂದಲೇ ತಂಪು. ಆ ತೂತುಗಳನ್ನು ಮುಚ್ಚಲೆಂದೇ ನಾನು ಒಂದು ವರ್ಷ ಬೂದಿ ಹೊತ್ತಿದ್ದೆ. ಹೊರಗೆ 42 ಡಿಗ್ರಿ ಬಿಸಿಲು. ಅವನ ರಂಜಣಗಿಯಿಂದ ಎರಡು ಲೋಟ ನೀರು ಕುಡಿದು ಮನೆಗೆ ಬಂದೆ. ಬಿಲ್ಲೆ ಈಗ ನಮ್ಮ ತಂಬಿಗೆಯ ಮುಚ್ಚಳ. ಸಾಣಿಗಿಯ ಬೀಗ ಇನ್ನೂ ತೆಗೆದಿಲ್ಲ.